ಚೌಡವ್ವ ತಟ್ಟಿದ ಕೈ

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ: ಫಕ್ಕೀರಪ್ಪ. ನಾಟಕ ಕಂಪನಿಯ ತಬಲಜಿ. ಮೂವತ್ತೆಂಟನೆಯ ಇಸವಿಯಲ್ಲಿ ಕಂಪನಿ ಶಿಗ್ಗಾವಿಯಲ್ಲಿದ್ದಾಗ ಅವರ ಬಲಗೈ ಮಣಿಕಟ್ಟು ಬಾತುಕೊಂಡಿತು. ಬಾರಿಸುತ್ತಿರುವಾಗಲೇ ಬೆರಳು ಸೆಟೆದು ನಿಲ್ಲತೊಡಗಿದವು. ನಾಲ್ಕು ದಿನ ಬಿಡಿರೆಂದು ಬಡಕೊಂಡೆ. ಕೇಳುವ ಜಾತಿಯಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬಾರಿಸಿದರು. ಕಡೆಗೆ ತುತ್ತು ಎತ್ತಲೂ ಬಾರದಂತಾಯಿತು.

"ಮುಂದಿನ ಹಿರೇಕೆರೂರ ಕ್ಯಾಂಪಿನೊಳಗ ಕೈ ನೆಟ್ಟಗಾಗದಿದ್ರ ಬ್ಯಾರೆ ತಬಲಜಿನ್ನ ತರ್ತೇನಿ," ಎಂದ ಮಾಲಕ.

ಆಡೂರಿನ ಚೌಡವ್ವ ನರ ತಿದ್ದುವುದರಲ್ಲಿ ಹೆಸರಾದವಳೆಂದು ಕೇಳಿ, ಚಕ್ಕಡಿ ಹೂಡಿಸಿ ಕರೆದೊಯ್ದೆ. ವಿಧವೆ, ಒಂಟಿ ಹೆಂಗಸು.

"ಇಪ್ಪತ್ತೊಂದು ದಿನ ಇಲ್ಲೇ ಇರ್ರಿ. ತಬಲಾ ಮುಟ್ಟಬ್ಯಾಡ ತಮ್ಮಾ, ಮನಸಿನ್ಯಾಗೂ ಬಾರಸಬ್ಯಾಡ," ಎಂದಳು.

ದಿನಾ ಬೆಳಿಗ್ಗೆ ಔಡಲೆಣ್ಣೆ ಹಚ್ಚಿ, ಬಿಸಿ ಎಲೆ ಸುತ್ತಿ, ಅದರ ಮೇಲೆ ಬೆರಳಿನಿಂದ ತಟ್ಟುವಳು. ದಿನಾ ಅದೇ ವರಸೆ. ಕೊನೆಯ ಪೆಟ್ಟಿಗೆ ಮುಂಚೆ ತುಸು ತಡೆದು, ಆಮೇಲೆ ಮೆಲ್ಲಗೆ ಇಳಿಸುವಳು. ಇದೇನೆಂದು ಕೇಳಿದೆ.

"ನರಕ್ಕ ದಾರಿ ಕಲಿಸಾಕತ್ತೇನಿ," ಎಂದಳು.

ಬಾವು ಇಳಿಯಿತು, ನೋವು ಹೋಯಿತು. ಅವಳ ಕಾಲಿಗೆ ಬಿದ್ದು ಬಂದೆ, ಹುಚ್ಚಿ ನಾನು.

ಹಿರೇಕೆರೂರಿನ ಮೊದಲ ಆಟಕ್ಕೆ ಚಪ್ಪಾಳೆಯೋ ಚಪ್ಪಾಳೆ. ಮಾಲಕ ಹಲ್ಲು ಕಿಸಿದ. ಆದರೆ ಪರದೆಯ ಹಿಂದೆ ಬಂದ ನನ್ನ ಗಂಡನ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

"ಮಂಜವ್ವ, ನಾ ಬಾರಸಲಿಲ್ಲ. ಕೈ ಬಾರಸ್ತು. ನಾ ಕುಂತು ಕೇಳಿದೆ."

ತಮ್ಮ ವರಸೆ ಬಾರಿಸಲು ಎಷ್ಟು ಹೆಣಗಿದರೂ ಕೈ ಬೇರೆಯದನ್ನೇ ಬಾರಿಸಿತಂತೆ. ಕೊನೆಯ ಪೆಟ್ಟಿಗೆ ಮುಂಚೆ ತಡೆಯುತ್ತಿತ್ತಂತೆ. ಪೇಟಿ ನುಡಿಸುವ ಮುದುಕ ಕರಬಸಪ್ಪ ನಮ್ಮ ಕಡೆ ನೋಡಲೂ ಅಂಜಿದ.

"ಇದು ಆಡೂರ ತಬಲಜಿ ಭರಮಪ್ಪನ ಕೈ. ಚೌಡವ್ವನ ಗಂಡ. ಅಂವ ಸತ್ತು ಒಂಬತ್ತು ವರ್ಷಾತು," ಎಂದ.

ಮರುದಿನವೇ ಅವರನ್ನು ಕರೆದುಕೊಂಡು ಆಡೂರಿಗೆ ಹೋಗಿ ಅವಳ ಅಂಗಳದಲ್ಲಿ ನಿಂತು ಚೀರಿದೆ.

"ನನ್ನ ಗಂಡನ ಕೈ ನನಗ ಕೊಡು!"

ಚೌಡವ್ವ ಒಳಗಿನಿಂದ ಹಳೆಯ ತಬಲಾ ತಂದು ಅವರ ಮುಂದಿಟ್ಟಳು. ಬೇಡವೆಂದು ತಲೆ ಅಲ್ಲಾಡಿಸುತ್ತಲೇ ನನ್ನ ಗಂಡ ಬಾರಿಸಿದರು. ಕೇಳುತ್ತ ಕೇಳುತ್ತ ಅವಳ ಕಣ್ಣಲ್ಲಿ ನೀರು ಇಳಿಯಿತು. ಒಂಬತ್ತು ವರ್ಷ ಈ ಸಪ್ಪಳಕ್ಕಾಗಿ ಕಾದಿದ್ದಳು, ಪಾಪ. ಅಯ್ಯೋ ಅನಿಸಿತು ನನಗೂ, ಒಂದು ಗಳಿಗೆ. ಅಷ್ಟರಲ್ಲಿ ಅವಳು ಮನೆಯ ಯಜಮಾನ ಬಂದನೆಂಬಂತೆ ತಲೆಮೇಲೆ ಸೆರಗು ಎಳೆದುಕೊಂಡು, ನನ್ನ ಗಂಡನ ಹತ್ತಿರ ಕೂತಳು.

"ಎಡಗೈನೂ ನೋಯಾಕತ್ತೈತೇನ್ರಿ?"

ನೋವೇನೂ ಇರಲಿಲ್ಲ. ಆದರೂ ಅವರು ಎಡಗೈ ಚಾಚಿದರು. ನಾನು ಹಾರಿ ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಅದು ಬೆಚ್ಚಗಿತ್ತು, ನನ್ನ ಬೆರಳನ್ನೇ ಹಿಡಿದುಕೊಂಡಿತು.

ಆಗ ಅವರ ಬಲಗೈ ತಬಲಾದ ಮೇಲಿಂದ ಎದ್ದು ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿತು.