ಮೀನಿನ ಹಿಟ್ಟು

"ಬುಟ್ಟಿ ಕೆಳಗ ಇಡ್ರಿ! ಪೊಲೀಸರು ಬರೂತನಾ ಯಾರೂ ಮುಟ್ಟಬ್ಯಾಡ್ರಿ!"

ಪೈಪಿನ ಅಂಗಡಿಯ ಉಳವಪ್ಪನ ದನಿಗೆ ಖಾನಾಪುರದ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಮೆಟ್ಟಿಲ ಮೇಲೆ ಮುದುಕಿ ರಾಜಬೀ ಬುಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಅದರ ತುಂಬ ಗೋದಿ ಹಿಟ್ಟಿನ ಪುಟ್ಟ ಉಂಡಿಗಳು. ಆಕೆ ಅವನ್ನು ನೀರಿಗೆ ಹಾಕುವುದನ್ನು ಉಳವಪ್ಪ ಹಿಂದಿನ ದಿನ ಫೋನಿನಲ್ಲಿ ಹಿಡಿದು, 'ಕುಡಿಯುವ ನೀರಿಗೆ ಏನೋ ಬೆರೆಸುತ್ತಿದ್ದಾರೆ, ಹುಷಾರ್' ಎಂದು ಬರೆದು ಕಂಡಕಂಡ ಗುಂಪಿಗೆಲ್ಲ ಕಳಿಸಿದ್ದ.

ಮುದುಕಿಯ ಬಾಜು ಮನೆಯ ಮೇಘಾಗೆ ಸಂಗತಿ ಗೊತ್ತಿತ್ತು. ರಾಜಬೀಯ ಮೊಮ್ಮಗಳು ಮಹೇಕ ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಳೆ. ಒಂದೊಂದು ಉಂಡಿಯ ಮೇಲೂ ದುವಾ ಓದಿ ಮೀನಿಗೆ ಹಾಕುವ ಹರಕೆ ಮುದುಕಿಯದು; ಒಂದು ದಿನವೂ ತಪ್ಪುವಂತಿಲ್ಲ. ಹೇಳಬೇಕೆಂದು ಮೇಘಾ ಬಾಯಿ ತೆರೆದಳು. ನಾಲ್ಕು ಮಂದಿ ತಿರುಗಿ ನೋಡಿದರೆ ತನ್ನ ಹೆಸರನ್ನೇ ಮರೆಯುವ ಹುಡುಗಿ ಆಕೆ. ಡಿಗ್ರಿ ಮುಗಿದಿತ್ತು, ಸಂಕೋಚ ಮುಗಿದಿರಲಿಲ್ಲ.

"ಕಾಕಾ, ಅದು... ಮೀನಿಗೆ..."

"ಮೀನೇನ್ ಆಕಿ ಬೀಗರೇನು, ದಿನಾ ಉಣ್ಣಾಕ ಹಾಕಾಕ?"

ಯಾರೋ ಕಿಸಕ್ಕೆಂದರು.

"ನನ್ನ ಹುಡುಗಿ ಸಲುವಾಗಿರೀ ಯಪ್ಪಾ," ಎಂದಳು ರಾಜಬೀ. "ಇವತ್ತಿಂದು ಹಾಕಾಕ ಬಿಡ್ರಿ. ಆಮ್ಯಾಲ ಪೊಲೀಸರ ಕಡೆ ನಾನಽ ಬರ್ತೀನಿ."

ಯಾರೂ ದಾರಿ ಬಿಡಲಿಲ್ಲ. ಮೇಘಾ ಹೋಗಿ ಬುಟ್ಟಿಗೆ ಕೈ ಹಾಕಿ ಒಂದು ಉಂಡಿಯನ್ನು ಬಾಯಿಗಿಟ್ಟುಕೊಂಡಳು. ಹಿಂದೆಯೇ ಇನ್ನೊಂದು. ಹಸಿ ಹಿಟ್ಟು ಅಂಗುಳಕ್ಕೆ ಅಂಟಿ ಕೆಳಗಿಳಿಯಲೊಲ್ಲದು.

"ಏ ಹುಚ್ಚೀ, ಉಗುಳು! ಏನರ ಆತಂದ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ?" ಉಳವಪ್ಪ ಕೂಗಿದ.

"ಹಸೀದು ಬೇಟಿ, ಹೊಟ್ಟಿ ನೋಯ್ತೈತಿ," ಎಂದು ರಾಜಬೀ ಬೆನ್ನು ಸವರಿದಳು.

ಎಲ್ಲರೂ ಮೇಘಾಳ ಮುಖವನ್ನೇ ನೋಡುತ್ತ ನಿಂತರು. ಆಕೆಗೆ ಬಿಕ್ಕಳಿಕೆ ಬಂತು. ಮುಂದಿದ್ದವರು ಥಟ್ಟನೆ ಹಿಂದೆ ಸರಿದರು. ಬಿಕ್ಕಳಿಕೆ ನಿಂತಿತು. ಮತ್ತೇನೂ ಆಗಲಿಲ್ಲ.

ಅಷ್ಟರಲ್ಲಿ ಉಳವಪ್ಪನ ಫೋನು ಬಡಿದುಕೊಂಡಿತು. ಬೆಳಗಾವಿಯ ಖಾಸಬಾಗದಿಂದ ತಂಗಿ ನೀಲಾ. ಆಕೆಯ ದನಿ ಸುತ್ತಲಿನವರಿಗೂ ಕೇಳುವಷ್ಟು ಜೋರಿತ್ತು. "ಅಣ್ಣಾ, ನಿನ್ನ ವಿಡಿಯೋ ನೋಡಿ ಕೊಡ, ಟಾಕಿ ಎಲ್ಲಾ ಖಾಲಿ ಮಾಡೇನಿ. ಇಡೀ ಓಣಿಯವರು ನೀರು ಚೆಲ್ಯಾರ!"

"ನಿಮ್ಮ ಓಣಿಗೆ ಈ ಹೊಳಿ ನೀರು ಎಲ್ಲಿ ಬರತೈತಿ ತಂಗೀ!"

"ಎಲ್ಲೀದರ ಇರ್ಲಿ. ನೀ ಬರದದ್ದು ಖರೇ ಐತಿಲ್ಲೋ?"

ಮೇಘಾ ವೇಲಿನಿಂದ ತುಟಿಗಂಟಿದ ಹಿಟ್ಟು ಒರೆಸಿಕೊಳ್ಳುತ್ತಿದ್ದಳು. ಉಳವಪ್ಪ ಅತ್ತ ನೋಡಿದ.

"ಸುಳ್ಳವ್ವಾ," ಎಂದ, ಮೆಲ್ಲಗೆ.

"ಆಂ? ಕೇಳವಲ್ದು. ಜೋರ್ಲೆ ಹೇಳು!"

ಸುತ್ತ ಮಂದಿ. ಉಳವಪ್ಪ ದನಿ ಎತ್ತರಿಸಿದ. "ಸುಳ್ಳು ಅಂದೆ! ಹಿಟ್ಟದು, ಬರೇ ಗೋದಿ ಹಿಟ್ಟು. ಸುಳ್ಳು ಬರದಾಂವ ನಾನಽ. ಓಣಿಯವರಿಗೂ ಹೇಳು."

ಮಂದಿ ಸರಿದು ದಾರಿಯಾಯಿತು. ರಾಜಬೀ ತುಟಿ ಅಲ್ಲಾಡಿಸುತ್ತ ನೀರಿನಂಚಿಗೆ ಇಳಿದಳು. ದಿನಾ ಆಕೆ ನಿಲ್ಲುವ ಕಡೆ ಲೆಕ್ಕವಿಲ್ಲದಷ್ಟು ಪುಟ್ಟ ಬಾಯಿಗಳು ನೀರ ಮೇಲೆ ಆಗಲೇ ತೆರೆದುಕೊಂಡಿದ್ದವು.