ರುತಿಲಿಯೊಗೆಂದು ಎತ್ತಿಟ್ಟ ಲೋಟಗಳು

ಪಾದ್ರಿ ಶವಪೆಟ್ಟಿಗೆಯ ಮೇಲೆ ಪವಿತ್ರ ಜಲ ಚಿಮುಕಿಸುತ್ತಿದ್ದಾಗ ಎರ್ಮಿನಿಯಾ ಕತ್ತೆತ್ತಿ ಆಕಾಶ ನೋಡುತ್ತಿದ್ದಳು. ಪ್ರಾರ್ಥನೆಗಲ್ಲ, ಮೋಡವಿದೆಯೇ ಎಂದು. ಒಂದು ಚೂರೂ ಇರಲಿಲ್ಲ. ಗಾಳಿಯೂ ಬಿದ್ದುಹೋಗಿತ್ತು. ಜನವರಿಯಲ್ಲಿ ಮರುಭೂಮಿಯ ಊರಾದ ಟೂಸಾನಿನ ಆಕಾಶ ಹೀಗೆ ತೊಳೆದಿಟ್ಟಂತಿದ್ದರೆ ರಾತ್ರಿ ಬಕೆಟ್ಟಿನ ನೀರು ಹೆಪ್ಪುಗಟ್ಟುವುದು ಖಂಡಿತ. ಇದೆಲ್ಲ ತನಗೇಕಾದರೂ ಗೊತ್ತೋ ಎಂದು ಅವಳಿಗೆ ಸಿಟ್ಟು ಬಂತು. ಗಂಡ ಗುಂಡಿಗಿಳಿಯುತ್ತಿರುವಾಗ ಅವನಿಗಾಗಿ ಅಳುವುದು ಬಿಟ್ಟು ಅವನ ಮುಳ್ಳುಗಿಡಗಳ ಚಿಂತೆ!

ಮೈದುನ ಚೇಮಾ ಬಾಗಿ ಪಿಸುಗುಟ್ಟಿದ. "ಅತ್ತಿಗೆ, ಇವತ್ತು ರಾತ್ರಿ ವಿಪರೀತ ಚಳಿಯಂತೆ. ಅಣ್ಣನ ಕಳ್ಳಿಗಳನ್ನ ಮುಚ್ಚಬೇಕಲ್ವಾ?"

"ಸಾಯ್ಲಿ ಬಿಡು."

ಮಾತು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ಪಾದ್ರಿಯ ಕೈ ಅರೆಗಳಿಗೆ ನಿಂತಿತು. ಮಗಳು ದೆಲ್ಫಿನಾ ತಾಯಿಯ ಭುಜ ಬಳಸಿ ಹಿಡಿದಳು. ಎರ್ಮಿನಿಯಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದಳು.

*

ಗಂಡ ರುತಿಲಿಯೊ ಶಾಲೆಯೊಂದರಲ್ಲಿ ಕಸ ಗುಡಿಸಿಕೊಂಡು, ಸೋರುವ ನಲ್ಲಿ ರಿಪೇರಿ ಮಾಡಿಕೊಂಡು ಕಾಲ ಕಳೆದವನು. ಕುಡಿತವಿಲ್ಲ, ಜೂಜಿಲ್ಲ. ಇದ್ದ ಒಂದೇ ಹುಚ್ಚು ಮನೆಯ ಮುಂದಿನ ಕಳ್ಳಿಗಳದ್ದು. ಗಡಿಯಾಚೆಯ ಸೊನೋರಾದ ಹುಟ್ಟೂರಿನಿಂದ ಊಟದ ಡಬ್ಬಿಯಲ್ಲಿಟ್ಟು ತಂದ ಬೆರಳುದ್ದದ ತುಂಡೊಂದು ಈಗ ಸೂರು ದಾಟಿ ಕೊಂಬೆಯೊಡೆದು ನಿಂತಿತ್ತು. ಚಳಿಗಾಲ ಬಂತೆಂದರೆ ಮನೆಯ ದುಪ್ಪಟಿ, ಕಂಬಳಿಗಳೆಲ್ಲ ಅಂಗಳಕ್ಕೆ. ಕೊಂಬೆಯ ಎಳೆಯ ತುದಿಗಳಿಗೆ ಥರ್ಮಾಕೋಲ್ ಲೋಟಗಳ ಟೋಪಿ.

ಮದುವೆಯಾದ ಹೊಸತರಲ್ಲೊಮ್ಮೆ ಅವಳು ಜ್ವರದಲ್ಲಿ ಮಲಗಿದ್ದಾಗ ಅವನು ಬಂದು ಮೇಲಿನ ಕಂಬಳಿಯನ್ನು ಮೆಲ್ಲಗೆ ಎಳೆದುಕೊಂಡ.

"ನಿಂಗೆ ಹೆಂಡ್ತಿ ನಾನಾ, ಆ ಮುಳ್ಳಾ?" ಎಂದು ಅವಳು ಕೂಗಾಡಿದಳು.

"ನಿಂಗೆ ಚಳಿಯಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀಯ ಮಾರಾಯ್ತಿ. ಅದಕ್ಕೆ ಬಾಯೆಲ್ಲಿದೆ?"

ನಗುತ್ತ ಹೊರಗೆ ಹೋದವನು ಆಮೇಲೆ ಬಂದು ತನ್ನ ಕೋಟನ್ನು ಅವಳ ಮೇಲೆ ಹಾಕಿ, ತಾನು ಬರಿ ಅಂಗಿಯಲ್ಲಿ ಮಲಗಿದ. ಕಂಬಳಿ ಕಿತ್ತುಕೊಂಡ ಕತೆಯನ್ನು ಅವಳು ಜೀವಮಾನವಿಡೀ ಕಂಡಕಂಡವರಿಗೆಲ್ಲ ಹೇಳಿದಳು. ಕೋಟಿನ ವಿಷಯ ಯಾರಿಗೂ ಹೇಳಲಿಲ್ಲ.

*

ಮಣ್ಣು ಮುಗಿದ ಮೇಲೆ ಇಗರ್ಜಿಯ ಸಭಾಂಗಣದಲ್ಲಿ ತಮಾಲೆ ಕಡುಬು, ಬೀನ್ಸು, ಕಾಫಿ. ಪಕ್ಕದ ಮನೆಯ ಮುದುಕಿ ಕೂಕಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ಯಾರ ಮಣ್ಣಿಗೆ ಬಂದ್ರೂ ರುತಿಲಿಯೊ ಕಣ್ಣು ಕಾಫಿ ಲೋಟದ ಮೇಲೇನೇ. ನಾನಿನ್ನೂ ಕುಡೀತಾ ಇದ್ದೆ, 'ಆಯ್ತಾ ಅಜ್ಜಿ?' ಅಂತ ಪಕ್ಕದಲ್ಲಿ ನಿಂತಿರೋನು!"

"ಸಾಕು ಬಿಡಮ್ಮ, ಇನ್ನು ನಿನ್ನ ಹೊದಿಕೆ ನಿಂಗೇ," ಎಂದಳು ದೆಲ್ಫಿನಾ. "ಆ ಗಿಡಗಳು ಹೋದ್ರೆ ಹೋಗ್ಲಿ."

"ಹೂಂ, ಹೋಗ್ಲಿ," ಎಂದ ಎರ್ಮಿನಿಯಾ ಕೂತಲ್ಲಿ ಕೂರಲಾಗದೆ ಎದ್ದಳು. ಕಿಟಕಿಯ ಬಳಿ ಹೋದಳು, ಬಂದಳು, ಮತ್ತೆ ಹೋದಳು. ಬಿಸಿಲು ಗೋಡೆಯಿಂದ ಜಾರುತ್ತಿತ್ತು.

ಆಗ ಬಾಗಿಲ ಬಳಿಯ ಮೇಜು ಕಣ್ಣಿಗೆ ಬಿತ್ತು. ಅದರ ಮೂಲೆಯಲ್ಲಿ ತೊಳೆದ ಥರ್ಮಾಕೋಲ್ ಲೋಟಗಳು ಒಂದರೊಳಗೊಂದು ಕೂತು ಗೋಪುರವಾಗಿದ್ದವು. ಹೊರಡುವವರೆಲ್ಲ ಮಾತಾಡುತ್ತಲೇ ಲೋಟ ಜಾಲಿಸಿ ಅಲ್ಲಿ ಸೇರಿಸುತ್ತಿದ್ದರು. ಒಬ್ಬ ಮುದುಕ ತನ್ನದನ್ನೂ ಇಟ್ಟು ಎರಡು ಹೆಜ್ಜೆ ನಡೆದವನು ಥಟ್ಟನೆ ತಿರುಗಿದ.

"ಅಯ್ಯೋ ದೇವರೇ, ಯಾರಿಗೇಂತ ಇಡ್ತಿದೀನಿ ನಾನು!" ಎರ್ಮಿನಿಯಾಳ ಮುಖ ನೋಡಿ ಅವನಿಗೆ ನಾಚಿಕೆಯಾಯಿತು. "ತಪ್ಪಾಯ್ತಮ್ಮ, ಕೈಗೆ ಅಭ್ಯಾಸ ಆಗಿಬಿಟ್ಟಿದೆ." ಲೋಟಗಳನ್ನೆಲ್ಲ ಬಾಚಿಕೊಂಡು ಕಸದ ಬುಟ್ಟಿಯತ್ತ ಹೊರಟ.

"ಹಾಕ್ಬೇಡಿ!"

ಅವಳು ಅವನ ಕೈಯಿಂದ ಲೋಟಗಳನ್ನು ಕಿತ್ತುಕೊಂಡಳು. ಕೊನೆಯ ದಿನಗಳಲ್ಲಿ ರುತಿಲಿಯೊನ ಬಾಯಲ್ಲಿ ಆಸ್ಪತ್ರೆಯ ನಳಿಗೆಯಿತ್ತು, ಮಾತಾಡುವಂತಿರಲಿಲ್ಲ. ಅವನ ಕೈ ತಣ್ಣಗಿತ್ತು, ಹಿಡಿದುಕೊಂಡೇ ಕೂತಿದ್ದಳು. ಇನ್ನೊಂದು ಕಂಬಳಿ ತರಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಈಗ ಹೊಳೆಯಿತು. ಎರ್ಮಿನಿಯಾ ಅಂದು ಮೊದಲ ಸಲ ಅತ್ತಳು.

"ಚೇಮಾ, ಗಾಡಿ ತೆಗಿ. ಹೊತ್ತು ಮುಳುಗ್ತಿದೆ."

*

ಬೀದಿಯ ಅಂಗಳಗಳೆಲ್ಲ ಆಗಲೇ ದುಪ್ಪಟಿ ಹೊದ್ದು ನಿಂತಿದ್ದವು. ಚೇಮಾ ಮಣ್ಣಿಗೆಂದು ಹಾಕಿಕೊಂಡಿದ್ದ ಕೋಟಿನಲ್ಲೇ ಏಣಿ ಹತ್ತಿ ತುದಿತುದಿಗೆ ಲೋಟ ಕವುಚಿದ. ಕೆಲವುಗಳ ಅಂಚಿನಲ್ಲಿ ಇನ್ನೂ ತುಟಿಯ ಬಣ್ಣವಿತ್ತು. ಹೊಲಿದು ಜೋಡಿಸಿದ ದುಪ್ಪಟಿ ಹೊದಿಸಿ, ಅದರ ಅಂಚನ್ನು ಕಾಂಡದ ನಡುವಿಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿದ.

"ಬಿಚ್ಚೋ ಅದನ್ನ! ಹಾಗೆ ಮೂಟೆ ಕಟ್ಟಿದ್ರೆ ನೆಲದ ಬಿಸಿ ಒಳಗೆ ಹೋಗೋದು ಹೇಗೆ? ನೆಲ ಮುಟ್ಟೋ ಹಾಗೆ ಇಳಿಬಿಡು."

ಚೇಮಾ ಏಣಿಯ ಮೇಲಿಂದಲೇ ಬೆರಗಾಗಿ ನೋಡಿದ. "ಇದೆಲ್ಲ ಯಾವಾಗ ಕಲಿತ್ರಿ ಅತ್ತಿಗೆ?"

"ಬೈತಾ ಬೈತಾ ಬಂತು."

ದುಪ್ಪಟಿ ಇಳಿಯಿತು. ಅವಳು ಮಂಡಿಯೂರಿ ಅಂಚಿನ ಸುತ್ತ ಇಟ್ಟಿಗೆ ಹೇರಿದಳು. ಕೊನೆಯ ಇಟ್ಟಿಗೆ ಇಡುವ ಮೊದಲು ಬಟ್ಟೆಯಡಿ ಕೈ ತೂರಿಸಿದಳು. ಹಗಲೆಲ್ಲ ಬಿಸಿಲು ಕುಡಿದ ನೆಲ ಇನ್ನೂ ಬೆಚ್ಚಗಿತ್ತು. ಒಳಗೆ ಬಾ ಎಂದು ದೆಲ್ಫಿನಾ ಬಾಗಿಲಿಂದ ಕರೆಯುತ್ತಿದ್ದಳು. ಎರ್ಮಿನಿಯಾ ಕೈ ತೆಗೆಯಲಿಲ್ಲ. ದುಪ್ಪಟಿಗೆ ಹಣೆ ತಾಗುವಷ್ಟು ಬಾಗಿ, ಯಾರಿಗೂ ಕೇಳಿಸದ ಹಾಗೆ, "ಚಳಿಯಾಗ್ತಿದೆಯಾ?" ಎಂದಳು.