ಎಡಗಡೆ ಹಿಂದಿನ ಸೀಟು

"ನಾಳೆಯಿಂದ ನಾನು ಬಸ್ಸಲ್ಲೇ ಬರ್ತೀನಿ. ನೀವು ನಿಮ್ಮ ಕಾರಲ್ಲಿ ಬನ್ನಿ. ಗಿರಾಕಿ ಮನೆ ಗೇಟಿನ ಹತ್ತಿರ ಸಿಕ್ಕಿದ್ರಾಯ್ತು."

ಪರದೆಯಕ್ಕ ಇಷ್ಟು ಹೇಳಿ ಸೂಜಿಗೆ ದಾರ ಪೋಣಿಸತೊಡಗಿದಳು. ಬಣ್ಣದಣ್ಣನ ಚಹಾದ ಲೋಟ ತುಟಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಅವಳು ಜಗಳವಾಡಿ ಹೇಳಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರ, ಜಗಳ ಅವರಿಗೇನು ಹೊಸದೇ? ಆದರೆ ಅವಳು ಹೇಳಿದ್ದು ಕಿಟಕಿ ಅಳೆದು ಇಂಚು ಹೇಳುವ ದನಿಯಲ್ಲಿ. ಆ ದನಿಯಲ್ಲಿ ಹೇಳಿದ್ದನ್ನು ಅವಳು ಆಮೇಲೆ ಬದಲಾಯಿಸಿದ್ದು ಅವನಿಗೆ ನೆನಪಿಲ್ಲ.

ಅವನದು ಬಣ್ಣದ ಅಂಗಡಿ, ಅವಳದು ಅದರ ಹಿಂದಿನ ಕೋಣೆಯಲ್ಲಿ ಪರದೆ ಹೊಲಿಯುವ ಕೆಲಸ. ಹಾಗಾಗಿ ಒಬ್ಬ ಬಣ್ಣದಣ್ಣ, ಒಬ್ಬಳು ಪರದೆಯಕ್ಕ. ಅವರಿಗೆ ಬೇರೆ ಹೆಸರುಗಳಿವೆ ಎನ್ನುವುದನ್ನು ಗಿರಾಕಿಗಳು ಮರೆತು ಎಷ್ಟೋ ಕಾಲವಾಗಿತ್ತು. ಹೊಸ ಮನೆ ಎಂದರೆ ಇಬ್ಬರೂ ಒಟ್ಟಿಗೆ ಹೋಗುವುದು. "ಗೋಡೆ ನನ್ನದು, ಕಿಟಕಿ ಅವಳದು" ಎಂದು ಅವನು ಎಲ್ಲರ ಮುಂದೆಯೂ ಹೇಳುತ್ತಿದ್ದ. ಎರಡು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ಕೊಂಡದ್ದೂ ಈ ಓಡಾಟಕ್ಕೇ. ದಿನವಿಡೀ ಮೆಷಿನ್ನಿನ ಮುಂದೆ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಹೋಗಿತ್ತು. "ನನ್ನ ಹೆಂಡತಿ ಸೊಂಟಕ್ಕೋಸ್ಕರ ತಗೊಂಡಿದ್ದು" ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ಅದೇ ಹೆಂಡತಿ ಬಸ್ಸು ಎನ್ನುತ್ತಿದ್ದಾಳೆ!

"ಬಸ್ಸಲ್ಲೇನು ಸುಪ್ಪತ್ತಿಗೆ ಹಾಸಿಟ್ಟಿದ್ದಾರಾ?" ಎಂದ.

"ಬಸ್ಸಲ್ಲಿ ನಿಂತ್ಕೋಬಹುದು. ಗುಂಡಿ ಬಂದಾಗ ಮೊಣಕಾಲು ಸ್ವಲ್ಪ ಬಗ್ಗಿಸಿದ್ರೆ ಸೊಂಟಕ್ಕೆ ತಾಗಲ್ಲ. ನಿಮ್ಮ ಕಾರಲ್ಲಿ ಕೂತೇ ಸಾಯ್ಬೇಕು."

ನಮ್ಮ ಕಾರು ಎನ್ನದೆ ನಿಮ್ಮ ಕಾರು ಎಂದಳಲ್ಲ, ಅದು ಅವನ ಎದೆಗೆ ನಾಟಿತು. ಅವಳನ್ನು ಮತ್ತೆ ಆ ಕಾರಿಗೆ ಹತ್ತಿಸದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ತೊಟ್ಟ. ಹಟದ ವಿಷಯದಲ್ಲಿ ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಕಾರು ಕೊಂಡ ಕಡೆ ಕೇಳಿದರೆ ಎಲ್ಲ ಸರಿಯಾಗಿದೆ ಎಂದರು. ಕೊನೆಗೆ ಟೈರ್ ಅಂಗಡಿಗಳ ಸಾಲಿನ ಹಿಂದಿದ್ದ ಜಾಕಿಯಮ್ಮನ ಗ್ಯಾರೇಜಿಗೆ ಹೋದ. ಜಾಕಿಯಮ್ಮ ಅರವತ್ತರ ಹತ್ತಿರದ ಹೆಂಗಸು. ಅಪ್ಪ ನಡೆಸುತ್ತಿದ್ದ ಲಾರಿ ಸ್ಪ್ರಿಂಗಿನ ಅಂಗಡಿಯನ್ನು ಕಾರಿನ ಸಸ್ಪೆನ್ಶನ್ ಗ್ಯಾರೇಜು ಮಾಡಿಕೊಂಡವಳು. ಇಂಜಿನ್ನಿನ ಗೊಡವೆಗೆ ಹೋಗುವವಳೇ ಅಲ್ಲ. "ಓಡೋದು ಹೇಗೆ ಅಂತ ಬೇರೆಯವರನ್ನ ಕೇಳಿ, ಕುಲುಕೋದು ಯಾಕೆ ಅಂತ ನನ್ನ ಕೇಳಿ" ಎನ್ನುವುದು ಅವಳ ವರಸೆ. ಅವಳು ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಕಟ್ಟಳೆ ಇತ್ತು. ಬಣ್ಣದಣ್ಣನಿಗೆ ಅದು ಗೊತ್ತಿರಲಿಲ್ಲ.

"ಯಾರಿಗೆ ನೋವು?" ಎಂದು ಕೇಳಿದಳು.

"ನನ್ನ ಹೆಂಡತಿಗೆ."

"ಎಲ್ಲಿ ಕೂರ್ತಾರೆ?"

"ಹಿಂದೆ. ಎಡಗಡೆ."

"ಕೀ ಇಲ್ಲಿ ಕೊಡಿ. ನೀವು ಹೋಗಿ ಅಲ್ಲಿ ಕೂತ್ಕೊಳ್ಳಿ."

"ನಾನ್ಯಾಕಮ್ಮ? ನನಗೇನೂ ನೋವಿಲ್ಲ."

"ಅದಕ್ಕೇ ಅಣ್ಣ. ಮಾಲೀಕ ಆ ಸೀಟಲ್ಲಿ ಒಂದ್ಸಲ ಕೂರದೆ ನಾನು ಒಂದು ಬೋಲ್ಟೂ ಬಿಚ್ಚಲ್ಲ. ನಿಮ್ಮ ಮನೆಯವರು ಕೂತ ಹಾಗೇ ಕೂತ್ಕೊಳ್ಳಿ."

ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಬಣ್ಣದಣ್ಣ ಕೂತದ್ದು ಅದೇ ಮೊದಲು. ಕೂತಾಗ ಚೆನ್ನಾಗಿಯೇ ಇತ್ತು. ಮಾರುಕಟ್ಟೆಯ ಹಿಂದಿನ ಕಲ್ಲುಹಾಸಿನ ಬೀದಿಗೆ ಇಳಿದದ್ದೇ ತಡ, ಕೆಳಗಿನಿಂದ ಯಾರೋ ಬಡಿಗೆಯಲ್ಲಿ ಕುಟ್ಟಿದ ಹಾಗಾಗತೊಡಗಿತು. ಶಾಲೆಯ ಮುಂದಿನ ಮೊದಲ ರಸ್ತೆಯುಬ್ಬಿಗೆ ಹಲ್ಲಿಗೆ ಹಲ್ಲು ಹೊಡೆಯಿತು. ಎರಡನೆಯದಕ್ಕೆ ಪೃಷ್ಠ ಸೀಟು ಬಿಟ್ಟು ಮೇಲೆದ್ದು ವಾಪಸು ಬಿತ್ತು.

"ಅಯ್ಯಯ್ಯೋ! ನಿಧಾನ ತಾಯೀ!"

"ನೀವು ಓಡಿಸೋ ಸ್ಪೀಡೇ ಇದು. ಬೀದೀಲಿ ದಿನಾ ನೋಡ್ತೀನಲ್ಲ" ಎಂದಳು ಜಾಕಿಯಮ್ಮ, ತಿರುಗಿಯೂ ನೋಡದೆ.

ನೋವು ಮರೆಯಲು ಅವನು ಮಾತು ತೆಗೆದ. ದಾರಿಯಲ್ಲಿ ಅವನೇ ಬಣ್ಣ ಕೊಟ್ಟ ಒಂದು ಮನೆ ಸಿಕ್ಕಿತು. ಆ ಮನೆಯಾತ ಮೂರು ಸಲ ಬಣ್ಣ ಬದಲಾಯಿಸಿ ಕೊನೆಗೆ ಮೊದಲನೆಯದೇ ಇರಲಿ ಎಂದ ಕತೆ ಹೇಳತೊಡಗಿದ. ಕತೆ ಚೆನ್ನಾಗಿತ್ತು. ಜಾಕಿಯಮ್ಮ "ಹ್ಞೂಂ" ಎಂದಳು. ನಗಬೇಕಾದ ಕಡೆಯಲ್ಲೂ "ಹ್ಞೂಂ" ಎಂದಳು. ಅವನು ಇನ್ನೊಮ್ಮೆ ಹೇಳಿದಾಗ "ಏನಂದ್ರಿ? ಮುಂದೆ ಲಾರಿ ಇದೆ, ಇರಿ" ಎಂದಳು. ಅವನು ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತ.

ಆಗ ಅವನಿಗೊಂದು ಯೋಚನೆ ಬಂತು, ಬಂದದ್ದು ಅವನಿಗೆ ಇಷ್ಟವಾಗಲಿಲ್ಲ. ಪರದೆಯಕ್ಕನೂ ಹಿಂದಿನಿಂದ ಏನೇನೋ ಶುರುಮಾಡುತ್ತಿದ್ದಳು. ತಾನೂ "ಹ್ಞೂಂ" ಎನ್ನುತ್ತಿದ್ದ. ಅವಳು ಹಾಗೆ ಶುರುಮಾಡುವುದನ್ನು ನಿಲ್ಲಿಸಿ ಎಷ್ಟು ತಿಂಗಳಾಯಿತು? ಎಷ್ಟು ನೆನಪು ಮಾಡಿಕೊಂಡರೂ ಹೊಳೆಯಲಿಲ್ಲ.

ಗ್ಯಾರೇಜಿಗೆ ಬಂದ ಮೇಲೆ ಜಾಕಿಯಮ್ಮ ಚಕ್ರಗಳ ಗಾಳಿ ನೋಡಿದಳು. ನಾಲ್ಕೂ ನೋಡಿ, ನಂಬಿಕೆಯಾಗದೆ ಮೊದಲನೆಯದನ್ನು ಮತ್ತೆ ನೋಡಿದಳು.

"ಇಷ್ಟು ಗಾಳಿ ಯಾರು ತುಂಬಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಯಾರೂ ಬೇಕಂತ ತುಂಬಿಲ್ಲಮ್ಮ" ಎಂದು ಬಣ್ಣದಣ್ಣ ತಡವರಿಸಿದ. "ಅದೂ... ಟೈರು ಗಟ್ಟಿಯಾಗಿದ್ರೆ ಒಂದು ಚಾರ್ಜಿಗೆ ಎಂಟು ಹತ್ತು ಕಿಲೋಮೀಟರ್ ಜಾಸ್ತಿ ಓಡುತ್ತೆ ಅಂತ ಯಾರೋ ಹೇಳಿದ್ರು."

"ಓಡುತ್ತೆ, ಓಡದೆ ಏನು? ಆ ಎಂಟು ಕಿಲೋಮೀಟರನ್ನ ನಿಮ್ಮ ಮನೆಯವರ ಸೊಂಟ ಎಳೀತಿದೆ."

ಅವನಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಿವಿಯವರೆಗೂ ಬಿಸಿಯಾಗುವಂಥದ್ದು. ವಾರಕ್ಕೊಮ್ಮೆ ತಾನೇ ಮುಂದೆ ನಿಂತು ಗಾಳಿ ಹಾಕಿಸುತ್ತಿದ್ದನಲ್ಲ!

ಅವನ ಮುಖ ನೋಡಿ ಜಾಕಿಯಮ್ಮ ದನಿ ಇಳಿಸಿದಳು. ತಪ್ಪೆಲ್ಲ ಗಾಳಿಯದೇ ಅಲ್ಲ ಎಂದು ಬಿಡಿಸಿ ಹೇಳಿದಳು. ಇಂಥ ಕಾರಿನ ಹೊಟ್ಟೆಯಡಿಯಲ್ಲಿ ಮಣಭಾರದ ಬ್ಯಾಟರಿ. ಅದನ್ನೂ ಹೊರಬೇಕು, ಐದು ಜನರನ್ನೂ ಅವರ ಗಂಟುಮೂಟೆಯನ್ನೂ ಹೊರಬೇಕು ಎಂದು ಸ್ಪ್ರಿಂಗನ್ನು ಬಿಗಿಯಾಗಿ ಮಾಡಿರುತ್ತಾರೆ. ಇಬ್ಬರೇ ಕೂತರೆ ಅದು ಬಗ್ಗುವುದೇ ಇಲ್ಲ, ಗುಂಡಿಯ ಪೆಟ್ಟು ನೇರ ಸೀಟಿಗೆ ಬರುತ್ತದೆ. ಹಿಂದಿನ ಸ್ಪ್ರಿಂಗು ಸ್ವಲ್ಪ ಮೆತ್ತಗಿನದು ಹಾಕಬೇಕು, ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕು, ಸಣ್ಣ ಚಕ್ರಕ್ಕೆ ದಪ್ಪ ಟೈರು ಹಾಕಬೇಕು. ಕೀಲಿನ ನಡುವೆ ಪೆಟ್ಟು ತಡೆಯುವ, ಸವೆದ ರಬ್ಬರ್ ಬುಶ್ಶೊಂದನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಅದು ಬಿರುಕು ಬಿಟ್ಟು ಎರಡು ಹೋಳಾಗಿತ್ತು.

"ಪೂರ್ತಿ ಮೆತ್ತಗೆ ಮಾಡ್ಬಿಡಮ್ಮ, ಹಾಸಿಗೆ ಥರ" ಎಂದ.

"ಹಾಸಿಗೆ ಥರ ಮಾಡಿದ್ರೆ ತಿರುವಲ್ಲಿ ತೂಗಾಡಿ ವಾಂತಿ ಮಾಡ್ಕೋತಾರೆ. ನಿಮ್ಮ ಬಣ್ಣಕ್ಕೆ ನೀರು ಬೆರೆಸೋ ಹಾಗೇ ಇದು, ಹದ ಇರ್ಬೇಕು. ಎರಡು ದಿನ ಬಿಟ್ಟು ಬನ್ನಿ."

ಆ ಎರಡು ದಿನವೂ ಪರದೆಯಕ್ಕ ಹೇಳಿದಂತೆ ಬಸ್ಸಿನಲ್ಲೇ ಹೋದಳು. ಎರಡನೆಯ ದಿನ ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ ಬಸ್ಸು ಎದುರಿಗೇ ಹಾದುಹೋಯಿತು. ಅವಳು ಕಂಬಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ನಿಂತ ಯಾವುದೋ ಹೆಂಗಸಿಗೆ ಕೈ ತಿರುಗಿಸಿ ತಿರುಗಿಸಿ ಏನೋ ಹೇಳುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಗುಂಡಿ ಬಂದಾಗ ಮೊಣಕಾಲು ಒಂದಿಷ್ಟು ಬಗ್ಗಿಸಿದಳು, ಮಾತು ಮಾತ್ರ ನಿಲ್ಲಿಸಲಿಲ್ಲ. ಬಣ್ಣದಣ್ಣನಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಬೇಕು? ಗುರುತಿಲ್ಲದ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು. ಬಿಳಿಯಲ್ಲೇ ನಲವತ್ತು ಬಗೆ ಗುರುತಿಸಬಲ್ಲವನು ಆ ದಿನ ಗಿರಾಕಿಗೆ ಬೇರೆಯೇ ಬಿಳಿ ಕಲಸಿಕೊಟ್ಟು ಬೈಸಿಕೊಂಡ.

ಮೂರನೆಯ ದಿನ ಜಾಕಿಯಮ್ಮ ಅವನನ್ನು ಮತ್ತೆ ಹಿಂದೆ ಕೂರಿಸಿ ಅದೇ ಬೀದಿಯಲ್ಲಿ ಓಡಿಸಿದಳು. ಕಲ್ಲುಹಾಸು ಈಗ ಕಾಲಿಗೆ ಮಾತ್ರ ತಿಳಿಯುತ್ತಿತ್ತು. ರಸ್ತೆಯುಬ್ಬಿನಲ್ಲಿ ಕಾರು ಒಮ್ಮೆ ಮೇಲೆದ್ದು, ಒಮ್ಮೆ ಇಳಿದು, ಅಷ್ಟಕ್ಕೇ ಸುಮ್ಮನಾಯಿತು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. "ಭೇಷ್! ಇನ್ನು ಅವಳು ಬಸ್ಸು ಅನ್ನಲಿ ನೋಡೋಣ" ಎಂದ.

ಜಾಕಿಯಮ್ಮ ಕಾರು ನಿಲ್ಲಿಸಿ ಪಕ್ಕದ ಸೀಟು ನೋಡಿದಳು. "ಎಷ್ಟು ಮಾಡಿದ್ರೂ ಹಿಂದಿನ ಸೀಟು ಹಿಂದಿನ ಸೀಟೇ ಅಣ್ಣ. ಚಕ್ರದ ಮೇಲೇ ಕೂತ ಹಾಗೆ ಅದು. ಮುಂದೆ ಯಾರು ಕೂರೋದು?"

"ಯಾರೂ ಇಲ್ಲ. ಬಣ್ಣದ ಮಾದರಿ ಪುಸ್ತಕದ ಚೀಲ ಇಡ್ತೀನಿ."

"ಪುಸ್ತಕಕ್ಕೂ ಸೊಂಟನೋವಾ?"

ಬಣ್ಣದಣ್ಣ ಆ ಸೀಟಿನ ಕಡೆ ನೋಡಿದ. "ಮೊದಲು ಅಮ್ಮ ದಿನಾ ಜೊತೆಗೆ ಬಂದು ಅಲ್ಲಿ ಕೂರ್ತಿದ್ರು" ಎಂದ ಕೊನೆಗೆ. "ಅವರಿಗೆ ಹಿಂದೆ ಕೂತ್ರೆ ತಲೆ ಸುತ್ತು. ಅವರು ಹೋಗಿ ಹದಿನಾಲ್ಕು ತಿಂಗಳಾಯ್ತು. ಆಮೇಲೂ ಹಾಗೇ ನಡ್ಕೊಂಡು ಬಂತು."

"ಹ್ಞೂಂ" ಎಂದಳು ಜಾಕಿಯಮ್ಮ. ಈ ಸಲ ಅವಳು ಕೇಳಿಸಿಕೊಂಡೇ ಅಂದದ್ದು. ಕೀಯನ್ನು ಅವನ ಕೈಗೆ ಕೊಟ್ಟು, ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಮನೆಗೆ ಬಂದವನೇ ಪುಸ್ತಕದ ಚೀಲ ತೆಗೆದು ಡಿಕ್ಕಿಗೆ ಹಾಕಿದ. ಸೀಟು ಒರೆಸಿದ. "ಬಾ ಕಣೇ, ಒಂದೇ ಒಂದು ಸುತ್ತು. ಇಷ್ಟ ಆಗ್ಲಿಲ್ಲಾಂದ್ರೆ ನಾಳೆ ನಾನೇ ನಿನ್ನ ಬಸ್ಸು ಹತ್ತಿಸಿ ಬರ್ತೀನಿ" ಎಂದು ಕರೆದ. ಪರದೆಯಕ್ಕ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದು, ಹಿಂದಿನ ಬಾಗಿಲು ತೆಗೆದು ಎಡಗಡೆ ಕೂತಳು. ಮುಂದೆ ಬಾ ಎನ್ನಬೇಕೆಂದುಕೊಂಡವನು ಹಾಗೇ ಕಾರು ಹೊರಡಿಸಿಬಿಟ್ಟ. ಅಷ್ಟು ಸಣ್ಣ ಮಾತಿಗೆ ಇಷ್ಟು ಸಂಕೋಚ ಯಾಕೆಂದು ಅವನಿಗೇ ತಿಳಿಯಲಿಲ್ಲ.

ಕಲ್ಲುಹಾಸು ಬರುತ್ತಿದ್ದಂತೆ ಅವಳು ಒಂದು ಕೈ ಸೊಂಟಕ್ಕೆ ಕೊಟ್ಟು ಹಲ್ಲು ಕಚ್ಚಿ ಕೂತದ್ದು ಕನ್ನಡಿಯಲ್ಲಿ ಕಂಡಿತು. ಬೀದಿ ಅರ್ಧ ಮುಗಿದಾಗ ಕೈ ತೆಗೆದಳು.

"ಏನ್ರೀ, ರಸ್ತೆ ರಿಪೇರಿ ಮಾಡಿದ್ರಾ?"

"ರಸ್ತೆ ಹಾಗೇ ಇದೆ."

"ಅಬ್ಬಾ! ನೋವೇ ಇಲ್ಲ ಕಣ್ರೀ" ಎಂದು ನಕ್ಕಳು. ಆಮೇಲೆ ಕಿಟಕಿಯಾಚೆ ನೋಡುತ್ತ ಸುಮ್ಮನಾದಳು. ನೋವಿಲ್ಲದ ಹೆಂಡತಿ ಹಿಂದಿನ ಸೀಟಿನಲ್ಲಿ ಮಾತಿಲ್ಲದೆ ಕೂತಿದ್ದಳು. ತನಗೆ ಬೇಕಾದದ್ದು ಇಷ್ಟೇ ಅಲ್ಲ ಎಂದು ಬಣ್ಣದಣ್ಣನಿಗೆ ಆಗ ಸ್ಪಷ್ಟವಾಯಿತು. ಕಾರನ್ನು ಬದಿಗೆ ತಂದು ನಿಲ್ಲಿಸಿದ.

"ಮುಂದೆ ಬಾ" ಎಂದ.

ಅವನು ತಿರುಗಿ ನೋಡಿದ. ಅವಳು ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅದು ಅತ್ತೆ ಜಾಗ" ಎಂದಳು.

"ಯಾರು ಹಾಗಂದಿದ್ದು?"

"ನೀವೇ. ಅತ್ತೆ ಹೋಗಿ ಹತ್ತು ದಿನ ಆಗಿತ್ತು. ಮೊದಲನೇ ಸಲ ಇಬ್ಬರೂ ಹೊರಟಿದ್ವಿ. ನಾನು ಮುಂದಿನ ಬಾಗಿಲು ತೆಗೆದೆ. 'ಅಲ್ಲಿ ಕೂರ್ಬೇಡ, ಅದು ಅಮ್ಮನ ಜಾಗ' ಅಂದ್ರಿ. ಬಾಗಿಲು ಹಾಕಿ ಹಿಂದೆ ಬಂದೆ."

ಅವನು ನೆನಪನ್ನೆಲ್ಲ ತಡಕಾಡಿದ. ಅಂಥ ಮಾತು ಅಲ್ಲಿ ಇರಲೇ ಇಲ್ಲ. ಆದರೆ ಅವಳು ಅರ್ಧ ಇಂಚು ಹೆಚ್ಚು ಕಡಿಮೆ ಹೇಳುವವಳಲ್ಲ, ಅವನು ಅಂದ ಎಂದು ಅವಳು ಹೇಳಿದರೆ ಅಂದೇ ಇರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವನಿಗೆ ಆಡಿದ್ದೇ ಗೊತ್ತಿಲ್ಲದೆ ಹದಿನಾಲ್ಕು ತಿಂಗಳು ಹೋಗಿತ್ತು.

"ಒಂದು ಮಾತು ಹೇಳಬಾರದಿತ್ತೇನೇ?"

"ನಿಮ್ಮ ದುಃಖ ಇಳೀಲಿ, ಆಮೇಲೆ ನೀವೇ ಕರೀತೀರ ಅಂತ ಸುಮ್ಮನಿದ್ದೆ" ಎಂದಳು. ಅವಳ ದನಿ ಒಡೆಯಿತು. "ದುಃಖ ಇಳೀತು. ಕರೆಯೋದು ನಿಮಗೆ ಮರೆತೇ ಹೋಯ್ತು."

ಬಣ್ಣದಣ್ಣನ ಕಣ್ಣು ತುಂಬಿತು. "ತಪ್ಪಾಯ್ತು ಕಣೇ" ಎಂದ. ಮೂವತ್ತೊಂದು ವರ್ಷದಲ್ಲಿ ಅವನು ಅವಳಿಗೆ ಆ ಮಾತು ಅಂದದ್ದು ಅದೇ ಮೊದಲು. ಅವನು ಇಳಿದು ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು ಹಿಡಿದ.

"ಸಾಕು ಬಿಡಿ, ರಸ್ತೇಲಿ ಎಲ್ಲ ನೋಡ್ತಿದ್ದಾರೆ" ಎನ್ನುತ್ತ ಅವಳು ಇಳಿದು ಬಂದಳು. ಕೂರಲು ಹೋದರೆ ಮೊಣಕಾಲು ಮುಂದೆ ತಾಗಿತು. ಅವನ ಅಮ್ಮ ಗಿಡ್ಡ ಹೆಂಗಸು, ಸೀಟು ಅವರು ಬಿಟ್ಟುಹೋದಲ್ಲೇ ಇತ್ತು. ಅವನು ಬಗ್ಗಿ ಕೆಳಗಿನ ಹಿಡಿ ಎಳೆದು ಸೀಟನ್ನು ಹಿಂದಕ್ಕೆ ಸರಿಸಿದ. ಸರಿಸುವಾಗ ಅಮ್ಮ ನೆನಪಾದರು, ಸಂಕಟವೂ ಆಯಿತು, ಆದರೂ ಅವಳ ಕಾಲು ಪೂರ್ತಿ ಚಾಚುವವರೆಗೂ ಸರಿಸಿದ.

ಕಾರು ಸದ್ದಿಲ್ಲದೆ ಹೊರಟಿತು.

"ಬಸ್ಸಲ್ಲಿ ಒಬ್ಬರು ಸಿಕ್ಕಿದ್ರು ಗೊತ್ತಾ?" ಎಂದು ಪರದೆಯಕ್ಕ ಶುರುಮಾಡಿದಳು. "ಅವರ ಮನೆ ಕಿಟಕಿ ಕೇಳಿದ್ರೆ ನೀವು ನಗ್ತೀರ..."

ಕೈ ತಿರುಗಿಸಿ ತಿರುಗಿಸಿ ಹೇಳಿದಳು. ಅವನು "ಆಮೇಲೆ?" ಎಂದ. ಅವಳು ಆ ಮನೆ ಮುಗಿಸಿ ಇನ್ನೊಂದು ಮನೆಗೆ ಹೋದಳು, ಅಲ್ಲಿಂದ ಯಾವತ್ತಿನದೋ ಹಳೆಯ ಸಂಗತಿಗೆ ಹೋದಳು. ಅವನು ಇನ್ನೊಮ್ಮೆ "ಆಮೇಲೆ?" ಎಂದ. ಅವರ ಮನೆಯ ತಿರುವು ಬಂತು. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಬಣ್ಣದಣ್ಣ ತಿರುಗಿಸದೆ ನೇರವಾಗಿ ಹೋದ.